ಒಂದನೇ ತರಗತಿಗೆ ಕುಂಕುಮ ಇಟ್ಟು ಕರೆದದ್ದು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಯ ಮದುವೆಗೆ ಹೋದರೂ ಗಂಡು ಹೆಣ್ಣಿನ ಮುಖ ನೋಡುವ ಮೊದಲು ಛತ್ರದಲ್ಲಿ ಓಡಾಡುವ ಮಕ್ಕಳ ಬಾಯಿ ನೋಡುತ್ತೇನೆ. ಮುಂದಿನ ಹಲ್ಲು ಅಲ್ಲಾಡುತ್ತಿದ್ದರೆ ಆರು ವರ್ಷ ಎಂದು ನನ್ನ ಲೆಕ್ಕ. ಒಂದನೇ ತರಗತಿಗೆ ಹದವಾದ ವಯಸ್ಸು. ಆಮೇಲೆ ಮೆಲ್ಲಗೆ ಆ ಮಗುವಿನ ತಾಯಿಯ ಪಕ್ಕದ ಕುರ್ಚಿಗೆ ಸರಿದು, "ಎಲ್ಲಮ್ಮಾ ಮನೆ ನಿಮ್ದು?" ಎಂದು ಕೇಳುತ್ತೇನೆ. ಮಾಲೂರಿನ ಹತ್ತಿರ ಎಂದರೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತೇನೆ. ಒಮ್ಮೆ ಟೇಕಲ್ಲಿನ ಒಂದು ಮದುವೆಯಲ್ಲಿ ಹೀಗೇ ಒಂದು ಹುಡುಗಿಯ ಗಲ್ಲ ಹಿಡಿದು ಹಲ್ಲು ನೋಡುತ್ತಿದ್ದಾಗ ಅದರ ಅಜ್ಜ ಬಂದು ಪಕ್ಕದಲ್ಲಿ ಕೂತು, "ಡಾಕ್ಟ್ರಮ್ಮಾ, ನಂದೂ ಒಂದು ಅಲ್ಲಾಡ್ತೈತೆ, ನೋಡ್ತೀರಾ?" ಎಂದು ಬಾಯಿ ತೆರೆದಿದ್ದ.

ಚಿಂತೆ ಎಂಬುದು ಮುಳಬಾಗಿಲಿನ ನಮ್ಮ ಮನೆಯಲ್ಲಿ ಪಿತ್ರಾರ್ಜಿತ. ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ತಂದೆ ಕುರುಡುಮಲೆಯ ಗಣಪತಿಯ ಮುಂದೆ ನಿಂತು ತಮ್ಮ ಚಿಂತೆಗಳನ್ನೆಲ್ಲ ಒಂದೊಂದಾಗಿ ಒಪ್ಪಿಸುತ್ತಿದ್ದರು. ವಾಪಸು ಬಸ್ಸಿನಲ್ಲಿ ಕೂತ ಮೇಲೆ, ಯಾವುದಾದರೂ ಒಂದು ಹೇಳದೆ ಉಳಿದುಹೋಯಿತೇ ಎಂದು ಚಿಂತೆ ಮಾಡುತ್ತಿದ್ದರು. ಅಣ್ಣನಿಗೆ ಮನೆ ಬಂತು, ನನಗೆ ಇದು ಬಂತು. ನಾನು ದೂರುತ್ತಿಲ್ಲ. ಮನೆಗಾದರೆ ಸುಣ್ಣ ಬಣ್ಣ ಹೊಡೆಸಬೇಕು. ಇದು ತನ್ನಷ್ಟಕ್ಕೆ ತಾನೇ ಹೊಸದಾಗುತ್ತಿರುತ್ತದೆ.

ನಾನು ಹದಿನೈದು ವರ್ಷದಿಂದ ಪಾಠ ಮಾಡುತ್ತಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಮಾಲೂರಿನ ಅಂಚಿನಲ್ಲಿದೆ. ಎರಡು ಕೊಠಡಿ, ಮೇಲೆ ಇದೇ ಊರಿನ ಹೆಂಚು, ಗೇಟಿನ ಪಕ್ಕ ಒಂದು ದೊಡ್ಡ ಹೊಂಗೆಮರ. ನಾನು ಬಂದಾಗ ಸುತ್ತ ರಾಗಿ ಹೊಲ, ನೀಲಗಿರಿ ತೋಪು. ಈಗ ಅಲ್ಲೆಲ್ಲ ಬಡಾವಣೆ. ಎರಡಂತಸ್ತಿನ ಮನೆಗಳು, ಕಂಪನಿ ಕೆಲಸದವರಿಗೆ ಬಾಡಿಗೆಗೆ ಕೊಟ್ಟ ಸಾಲುಮನೆಗಳು. ಮನೆ ಹೆಚ್ಚಿದರೆ ಮಕ್ಕಳು ಹೆಚ್ಚುತ್ತಾರೆ ಎಂದು ನಾನು ತಿಳಿದಿದ್ದೆ. ಮೊದಲ ಬಡಾವಣೆಗೆ ಕಲ್ಲು ನೆಟ್ಟ ದಿನ, ಇನ್ನು ಮುಂದೆ ಇಷ್ಟು ಮಕ್ಕಳನ್ನು ಎಲ್ಲಿ ಕೂರಿಸುವುದು, ಬೆಂಚಿಗೆ ಯಾರನ್ನು ಕೇಳುವುದು ಎಂದು ಚಿಂತೆ ಹತ್ತಿಸಿಕೊಂಡು ಇಲಾಖೆಗೆ ಒಂದು ಅರ್ಜಿಯನ್ನೂ ಬರೆದೆ. ಆ ಅರ್ಜಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮನೆಗಳು ಬಂದವು, ಮಕ್ಕಳೂ ಬಂದರು, ಜೊತೆಗೆ ಹಳದಿ ವ್ಯಾನುಗಳೂ ಬಂದವು. ನಮ್ಮ ಶಾಲೆಯಲ್ಲಿ ಎಪ್ಪತ್ತು ಮಕ್ಕಳಿದ್ದದ್ದು ಐವತ್ತಾಯಿತು, ಮೂವತ್ತಾಯಿತು, ಕಡೆಗೆ ಹತ್ತೊಂಬತ್ತಕ್ಕೆ ಬಂದು ನಿಂತಿತು.

ಆ ವ್ಯಾನುಗಳು ನಿಲ್ಲುತ್ತಿದ್ದದ್ದು ನಮ್ಮ ಹೊಂಗೆಮರದ ಕೆಳಗೇ. ಸುತ್ತಮುತ್ತ ಬೇರೆ ನೆರಳೇ ಇಲ್ಲ, ಪಾಪ. ಬೆಳಿಗ್ಗೆ ಎಂಟಕ್ಕೆ ಟೈ ಕಟ್ಟಿದ ಮಕ್ಕಳು ನಮ್ಮ ಗೇಟಿಗೆ ಒರಗಿ ನಿಂತು ವ್ಯಾನು ಕಾಯುತ್ತವೆ. ನಮ್ಮ ನಲ್ಲಿಯಲ್ಲಿ ನೀರು ಕುಡಿಯುತ್ತವೆ, ಅವಸರವಾದರೆ ನಮ್ಮ ಶೌಚಾಲಯಕ್ಕೆ ಓಡುತ್ತವೆ. ಶೂ ಲೇಸು ಬಿಚ್ಚಿದ್ದರೆ ನಾನೇ ಕಟ್ಟುತ್ತೇನೆ. ಎಂಟೂಕಾಲಿಗೆ ನಮ್ಮ ಶಾಲೆ ತುಂಬಿರುತ್ತದೆ. ಎಂಟೂವರೆಗೆ ಖಾಲಿ. ಆಮೇಲೆ ನಮ್ಮ ಹತ್ತೊಂಬತ್ತು ಜನ ಬರುತ್ತಾರೆ.

ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ಸಿ.ಆರ್.ಪಿ. ಫೋನು ಮಾಡಿದರು. ಹತ್ತಾರು ಶಾಲೆಗಳ ಅಂಕಿ ಕೂಡಿಸಿ ಮೇಲಕ್ಕೆ ಕಳಿಸುವ ಕೆಲಸ ಅವರದು; ನನಗಿಂತ ಚಿಕ್ಕವರು, ಒಳ್ಳೆಯವರು.

"ಮೇಡಂ, ಒಂದನೇ ಕ್ಲಾಸಿಗೆ ಎಷ್ಟು ಜನ ಈ ಸಲ?"

"ಬರ್ತಾರೆ ಸಾರ್."

"ಬರ್ತಾರೆ ಅನ್ನೋ ಕಾಲಂ ಇಲ್ಲ ಮೇಡಂ ನನ್ನ ಹತ್ರ. ಸೊನ್ನೆ ಅಂತ ಹಾಕ್ಕೊಳ್ಳಾ?"

"ಬೇಡ ಸಾರ್, ಜೂನ್ ಕೊನೇವರ್ಗೂ ತಡೀರಿ."

ಅವರು ದನಿ ತಗ್ಗಿಸಿ, "ಸೊನ್ನೆ ಆದ್ರೆ ಈ ಸಲ ನಿಮ್ಮ ಸ್ಕೂಲನ್ನ ಹೈವೇ ಆಚೆ ಸ್ಕೂಲಿಗೆ ಸೇರಿಸ್ತಾರೆ ಅಂತ ಮಾತೈತೆ ಮೇಡಂ. ಹೇಳಿದ್ದೀನಿ ಅಂತ ಎಲ್ಲೂ ಹೇಳ್ಬೇಡಿ," ಎಂದರು.

ಆಚೆ ಶಾಲೆ ದೂರವೇನಿಲ್ಲ. ಆದರೆ ನಡುವೆ ಆ ರಸ್ತೆ. ಇಟ್ಟಿಗೆ ಲಾರಿಗಳು, ಕಂಪನಿ ಬಸ್ಸುಗಳು, ಎಲ್ಲಕ್ಕೂ ಅವಸರ. ನಾನೇ ದಾಟಬೇಕಾದರೆ ಮೂರು ಸಲ ಹೆಜ್ಜೆ ಇಟ್ಟು ಹಿಂದೆ ತೆಗೆಯುತ್ತೇನೆ. ನನ್ನ ಹತ್ತೊಂಬತ್ತು ಮಕ್ಕಳು ಚೀಲ ಹೊತ್ತು ಅದರ ಅಂಚಿನಲ್ಲಿ ನಿಂತಿರುವ ಚಿತ್ರ ಅಂದಿನಿಂದ ನನ್ನ ಕಣ್ಣಿಗೆ ಕಟ್ಟಿಕೊಂಡಿತು. ಒಂದೇ ಒಂದು ಮಗು ಬಂದರೆ ಸಾಕು. ಒಂದು.

ಕರಪತ್ರ ಅಚ್ಚು ಹಾಕಿಸಿದೆ. ಉಚಿತ ಪುಸ್ತಕ, ಸಮವಸ್ತ್ರ, ಶೂ, ಹಾಲು, ಮೊಟ್ಟೆ, ಬಿಸಿಯೂಟ. ನಮ್ಮ ಶಾಲೆಯಲ್ಲಿ ಅಡುಗೆ ಮಾಡುವಾಕೆ ಒಂದು ಕರಪತ್ರ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮಕ್ಕಳ ಹಾಗೆ ನಾನೂ ಆಕೆಯನ್ನು ಅಡುಗೆಯಕ್ಕ ಎಂದೇ ಕರೆಯುವುದು. ಮನೆಮಾತು ತೆಲುಗು, ನನ್ನ ಜೊತೆ ಕನ್ನಡ, ಒಲೆಯ ಜೊತೆ ಎರಡೂ.

"ಇದೇನ್ ಮೇಡಂ, ಕರೆಂಟ್ ಬಿಲ್ ಕೊಟ್ಟಂಗೆ ಬಾಗ್ಲಿಗೆ ಸಿಗಿಸಿ ಬಂದ್ರೆ ಯಾರ್ ಬರ್ತಾರೆ? ನಮ್ಮ ಕಡೆ ಯಾರನ್ನಾದ್ರೂ ಕರೀಬೇಕು ಅಂದ್ರೆ ಕುಂಕುಮ ಇಟ್ಟು ಕರೀಬೇಕು."

ಮಾತು ನನಗೆ ಹಿಡಿಸಿತು. ನಮ್ಮಿಬ್ಬರು ಶಿಕ್ಷಕಿಯರಲ್ಲಿ ಇನ್ನೊಬ್ಬಾಕೆ ಹೆರಿಗೆ ರಜೆಯಲ್ಲಿದ್ದಳು. ಹಾಗಾಗಿ ನಾನು, ಅಡುಗೆಯಕ್ಕ, ಅವಳ ಮನೆಯ ಬೆಳ್ಳಿ ಕುಂಕುಮದ ಬಟ್ಟಲು, ಒಂದು ಡಬ್ಬಿಯಲ್ಲಿ ಅಕ್ಷತೆ, ಇಷ್ಟು ಸಮೇತ ಮೇ ತಿಂಗಳ ಬಿಸಿಲಿನಲ್ಲಿ ಹೊರಟೆವು. ಹಳೇ ಊರು, ಸಾಲುಮನೆ, ಬಡಾವಣೆ, ಒಂದನ್ನೂ ಬಿಡಲಿಲ್ಲ. ಬಾಗಿಲು ತೆಗೆದ ಹೆಂಗಸಿಗೆ ಅಡುಗೆಯಕ್ಕ ಕುಂಕುಮ ಕೊಡುವುದು, ನಾನು ಅಕ್ಷತೆ ಹಾಕಿ ಕರಪತ್ರ ಕೊಡುವುದು. ಅಡುಗೆಯಕ್ಕ ಬಾಯಿತುಂಬ ಕರೆಯುತ್ತಿದ್ದಳು: "ಸ್ಕೂಲ್ ತೆಗೆಯೋ ದಿನ ಮನೆಮಂದಿಯೆಲ್ಲಾ ಬರ್ಬೇಕು. ಊಟ ಅಲ್ಲೇ. ಬರ್ದೆ ಇದ್ರೆ ನಮ್ಗೆ ಬೇಜಾರಾಗ್ತೈತೆ." ಜನ ಎಷ್ಟು ಪ್ರೀತಿಯಿಂದ ತಲೆಯಾಡಿಸಿದರೆಂದರೆ, ಸಂಜೆ ಮನೆಗೆ ಬಂದು ನಾನು ಮತ್ತೆ ಬೆಂಚಿನ ಚಿಂತೆ ಹತ್ತಿಸಿಕೊಂಡೆ.

ಜೂನಿನಲ್ಲಿ ಶಾಲೆ ತೆರೆದ ದಿನ ಗೇಟಿಗೆ ಮಾವಿನ ತೋರಣ ಕಟ್ಟಿ ನಿಂತಿದ್ದೆ. ಬಂದರು. ಊರಿಗೆ ಊರೇ ಬಂತು. ಗಂಡಸರು ಇಸ್ತ್ರಿ ಮಾಡಿದ ಶರಟು, ಹೆಂಗಸರು ರೇಷ್ಮೆ ಸೀರೆ, ಮುಡಿಯಲ್ಲಿ ಹೂವು. ಮಕ್ಕಳೂ ಬಂದವು, ಅವುಗಳ ಶಾಲೆ ಇನ್ನೂ ತೆರೆದಿರಲಿಲ್ಲ. ಮೂರು ಗೋಡೆ ಗಡಿಯಾರ, ಒಂದು ಸ್ಟೀಲ್ ಬಿಂದಿಗೆ, ಒಂದು ದೀಪ, ನನಗೆ ಹನ್ನೊಂದು ರವಿಕೆ ಕಣ. ಕುಂಕುಮ ಇಟ್ಟು ಕರೆದ ಮೇಲೆ ಹೋಗದಿದ್ದರೆ ತಪ್ಪು. ಹೋದ ಮೇಲೆ ಬರಿಗೈಯಲ್ಲಿ ಹೋದರೆ ಇನ್ನೂ ದೊಡ್ಡ ತಪ್ಪು. ಮುಯ್ಯಿ ಕೊಡದೆ ಉಣ್ಣುವ ಜನವಲ್ಲ ನಮ್ಮವರು. ಬಡಾವಣೆಯ ಒಬ್ಬರು ಎರಡೂ ಕೊಠಡಿಗಳಲ್ಲಿ ಇಣುಕಿ ಬಂದು, "ಮೇಡಂ, ಗಂಡಿನ ಕಡೆಯೋರು ಇನ್ನೂ ಬಂದಿಲ್ವಾ?" ಎಂದು ಕೇಳಿದರು. ತಮಾಷೆಗೋ ನಿಜಕ್ಕೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅನ್ನ ಸಾಲದೆ ಅಡುಗೆಯಕ್ಕ ತನ್ನ ಮನೆಯಿಂದ ಅಕ್ಕಿ ತರಿಸಿ ಎರಡನೇ ಸಲ ಒಲೆ ಹಚ್ಚಿದಳು. ಎಲ್ಲರೂ ಉಂಡರು, ಪಾಯಸ ಚೆನ್ನಾಗಿದೆ ಎಂದರು. ಕೈ ತೊಳೆದು, ಎಲೆಅಡಿಕೆ ಇಲ್ಲವಾ ಎಂದು ಕೇಳಿ, ಮಕ್ಕಳ ಕೈ ಹಿಡಿದು ಹೊರಟರು. ಕರೆದದ್ದಕ್ಕೆ ಬಂದರು, ಬಂದ ಕೆಲಸ ಮುಗಿಯಿತು. ಮಗುವನ್ನು ಬಿಟ್ಟು ಹೋಗಿ ಎಂದು ನಾವಿಬ್ಬರೂ ಯಾರಿಗೂ ಬಾಯಿಬಿಟ್ಟು ಹೇಳಿರಲೇ ಇಲ್ಲ! ಅದು ಕರಪತ್ರದಲ್ಲಿತ್ತು. ಕುಂಕುಮ ಇಟ್ಟು ಕೊಟ್ಟ ಕಾಗದವನ್ನು ಯಾರು ಓದುತ್ತಾರೆ? ಅದರಲ್ಲಿ ಏನಿರುತ್ತದೆ ಎಂದು ಎಲ್ಲರಿಗೂ ಗೊತ್ತು.

"ಏನ್ ಜನ ಸೇರಿತ್ತು ಮೇಡಂ!" ಎಂದು ಅಡುಗೆಯಕ್ಕ ಪಾತ್ರೆಗಳ ನಡುವೆ ಕೂತು ಉಸಿರುಬಿಟ್ಟಳು.

"ಒಂದನೇ ಕ್ಲಾಸಿಗೆ?"

ಅವಳು ಸೌಟು ಕೆಳಗಿಟ್ಟಳು. "ಅಯ್ಯೋ ರಾಮಾ."

ಮರುವಾರದಿಂದ ಹಳದಿ ವ್ಯಾನುಗಳು ಮತ್ತೆ ಬಂದವು. ಹೊಂಗೆಮರದ ಕೆಳಗೆ ಈ ವರ್ಷ ಒಂದು ಹೊಸ ಮುಖ. ಪುಟ್ಟ ಹುಡುಗಿ, ಟೈ ಮೊಣಕಾಲ ತನಕ. ಕರೆದುಕೊಂಡು ಬರುತ್ತಿದ್ದದ್ದು ಅವಳ ಅಜ್ಜಿ. ವ್ಯಾನು ದೂರದಲ್ಲಿ ಕಂಡ ಕೂಡಲೇ ಹುಡುಗಿ ನಮ್ಮ ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಅಜ್ಜಿ ಒಂದು ಬೆರಳು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ಮೂರನೇ ದಿನ ನಾನೂ ಬೆರಳು ಬಿಡಿಸಲು ಹೋದೆ. ನನ್ನ ಶಾಲೆಯ ಗೇಟಿನಿಂದ ಒಂದನೇ ತರಗತಿಯ ಮಗುವಿನ ಕೈ ಬಿಡಿಸಿ ವ್ಯಾನಿಗೆ ಹತ್ತಿಸುವ ಕೆಲಸ.

"ವ್ಯಾನ್‌ನಾಗೆ ದಿನಾ ವಾಂತಿ ಮಾಡ್ಕೊತಾಳಮ್ಮಾ," ಎಂದಿತು ಅಜ್ಜಿ. "ಅವತ್ತು ನಿಮ್ಮ ಊಟಕ್ಕೆ ಬಂದಿದ್ವಲ್ಲ, ಅವತ್ತಿಂದ ಒಂದೇ ಹಟ. ಮದ್ವೆ ಸ್ಕೂಲ್‌ಗೇ ಓಗ್ತೀನಿ, ಮದ್ವೆ ಸ್ಕೂಲ್‌ಗೇ ಓಗ್ತೀನಿ ಅಂತ."

"ಹಂಗಾದ್ರೆ ಸೇರ್ಸಿ ಅಜ್ಜೀ!"

"ನಂದೇನೈತೆ? ಅವಳ ಅಮ್ಮ ಒಪ್ಬೇಕಲ್ಲ. ನೀವೇ ಬಂದು ಕೇಳಿ. ನಿಮ್ಗೆ ಗೊತ್ತಿರೋಳೇ, ನಿಮ್ಮ ಹತ್ರಾನೇ ಓದಿರೋಳು."

ಹೆಸರು ಹೇಳಿದ ಕೂಡಲೇ ನೆನಪಾಯಿತು. ನಾನು ಈ ಶಾಲೆಗೆ ಬಂದ ವರ್ಷ ಐದನೇ ತರಗತಿಯಲ್ಲಿದ್ದ, ಹದಿನೆಂಟರ ಮಗ್ಗಿಯನ್ನು ಒಂದೇ ಉಸಿರಿಗೆ ಹೇಳಿ ಕೊನೆಗೆ ನಗುತ್ತಿದ್ದ ಹುಡುಗಿ. ಅವಳಿಗೆ ಇಷ್ಟು ದೊಡ್ಡ ಮಗಳೇ ಎಂದುಕೊಂಡು, ನಂತರ ನನ್ನ ವಯಸ್ಸು ಲೆಕ್ಕ ಹಾಕಿ, ಅರ್ಧಕ್ಕೇ ಬಿಟ್ಟುಬಿಟ್ಟೆ. ನನ್ನ ಕೈಯಲ್ಲಿ ಓದಿದವಳು. ನನ್ನ ಮಾತು ತೆಗೆದುಹಾಕುತ್ತಾಳೆಯೇ? ಹೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು, ಅವಳು ಕೆಲಸ ಮುಗಿಸಿ ಬರುವ ಸಂಜೆ ಆರರ ಹೊತ್ತಿಗೆ ಸರಿಯಾಗಿ ಅವಳ ಮನೆಗೆ ಹೋದೆ.

ನರಸಾಪುರದ ಕಡೆಯ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. ಕೊರಳಲ್ಲಿ ಇನ್ನೂ ಗುರುತಿನ ಚೀಟಿ ನೇತಾಡುತ್ತಿತ್ತು. ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತಳು, ಥೇಟ್ ತರಗತಿಯಲ್ಲಿ ನಿಂತಂತೆ. ಕಾಫಿ ತಂದಳು. ನಾನು ಚೀಟಿಯಲ್ಲಿದ್ದದ್ದನ್ನು ಒಂದೊಂದಾಗಿ ಹೇಳಿದೆ. ಹಾಲು, ಮೊಟ್ಟೆ ಎನ್ನುವ ಹೊತ್ತಿಗೆ ಅವಳು ಮೆಲ್ಲಗೆ, "ಮೊಟ್ಟೆ ನಮ್ಮನೇಲೂ ಐತೆ ಮಿಸ್," ಎಂದಳು.

"ಅಲ್ಲ ಕಣೇ, ನೀನು ಅಲ್ಲೇ ಓದಿದೋಳಲ್ವಾ?"

"ಹೂಂ ಮಿಸ್. ಅಲ್ಲೇ ಓದಿದೋಳು. ಅದಕ್ಕೇ ಬೇಡ ಅಂತಿರೋದು."

ಸಿಟ್ಟಿನಿಂದ ಹೇಳಲಿಲ್ಲ. ನನಗೆ ನೋವಾಗುತ್ತದೆಂದು ಗೊತ್ತಿದ್ದು, ಲೋಟದ ಕಡೆ ನೋಡುತ್ತಾ ಹೇಳಿದಳು.

"ನೀವು ಚೆನ್ನಾಗಿ ಹೇಳ್ಕೊಟ್ರಿ ಮಿಸ್. ಮಗ್ಗಿ ಇವತ್ತೂ ಬರತ್ತೆ. ಆದ್ರೆ ಅಲ್ಲಿ ಯಾರೂ ಮಗ್ಗಿ ಕೇಳಲ್ಲ. ಸೇರಿದ ಹೊಸದ್ರಲ್ಲಿ ಒಬ್ಬ ದೊಡ್ಡ ಸಾರ್ ಬಂದು ನನ್ನೇ ನೋಡಿ ಇಂಗ್ಲಿಷಲ್ಲಿ ಏನೋ ಕೇಳಿದ್ರು. ಎಸ್ ಸಾರ್ ಅಂದೆ. ಯಾವುದಕ್ಕೆ ಎಸ್ ಅಂದೆ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ ಮಿಸ್. ಮಾರನೇ ದಿನ ನನ್ನ ಲೈನ್‌ನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದ್ರು. ಅಲ್ಲೇ ಇದ್ದೀನಿ."

ನಾನು ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಹೊರಗೆ ಜಗುಲಿಯಲ್ಲಿ ಹುಡುಗಿ ಅಜ್ಜಿಯ ಮುಚ್ಚಿದ ಬೆರಳುಗಳನ್ನು ಅವರೆಕಾಯಿಯಂತೆ ಒಂದೊಂದಾಗಿ ಬಿಡಿಸುವ ಆಟ ಆಡುತ್ತಿದ್ದಳು. ಮನೆ ಮನೆ ತಿರುಗುವಾಗ ನಿಮ್ಮ ಮಗ ಎಲ್ಲಿ ಓದಿದ್ದು ಎಂದು ಪ್ರತಿಯೊಬ್ಬರೂ ಮಾತಿಗೆ ಕೇಳಿದ್ದರು, ಇವಳು ಮಾತ್ರ ಕೇಳಿರಲಿಲ್ಲ. ಕೇಳದೆ ಇದ್ದದ್ದಕ್ಕೋ ಏನೋ, ನಾನೇ ಹೇಳಿಬಿಟ್ಟೆ.

"ನನ್ನ ಮಗನ್ನೂ ನಾನು ವ್ಯಾನಿಗೇ ಹತ್ತಿಸಿದ್ದು ಕಣೇ."

"ಗೊತ್ತು ಮಿಸ್. ಊರಿಗೇ ಗೊತ್ತು." ಆಮೇಲೆ ನಿಧಾನವಾಗಿ, "ಯಾಕೆ ಮಿಸ್ ಹತ್ತಿಸಿದ್ರಿ?" ಎಂದಳು.

ಈ ಪ್ರಶ್ನೆಗೆ ನನ್ನ ಹತ್ತಿರ ಬಹಳ ವರ್ಷದಿಂದ ಸಿದ್ಧವಾಗಿಟ್ಟುಕೊಂಡ ಉತ್ತರಗಳಿದ್ದವು. ಮನೆ ಕೋಲಾರದಲ್ಲಿದೆ, ಯಜಮಾನರ ಇಷ್ಟ, ಹೋಗಿ ಬರುವ ಹೊತ್ತು.

"ಭಯ," ಎಂದೆ.

"ನಂಗೂ ಅದೇ ಮಿಸ್."

ಹದಿನಾಲ್ಕು ವರ್ಷದ ಹಿಂದೆ ನನ್ನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ ಈಗ ನನ್ನ ಪಕ್ಕದಲ್ಲಿ, ನನ್ನಷ್ಟೇ ಹೆದರಿಕೊಂಡು ಕೂತಿದ್ದಳು. ಅವಳ ತಲೆ ಸವರಬೇಕೆನಿಸಿತು. ಕಂಪನಿ ಕೆಲಸಕ್ಕೆ ಹೋಗುವ ಹೆಂಗಸಿನ ತಲೆ ಸವರಬಹುದೇ ಎಂದು ಯೋಚಿಸುವಷ್ಟರಲ್ಲಿ ಹೊತ್ತು ಕಳೆಯಿತು. ಎದ್ದು, "ವ್ಯಾನಲ್ಲಿ ಮುಂದಿನ ಸೀಟಿಗೆ ಕೂರ್ಸು, ಕಿಟಕಿ ಪಕ್ಕ. ಹೊಟ್ಟೆ ತುಂಬ ಹಾಲು ಕುಡಿಸಿ ಕಳಿಸ್ಬೇಡ. ಒಂದು ನಿಂಬೆಹಣ್ಣು ಕೈಯಲ್ಲಿ ಕೊಡು, ಮೂಸ್ತಾ ಇರ್ಲಿ," ಎಂದೆ. ಗೇಟು ದಾಟಿದ ಮೇಲೆ ನನಗೆ ಅರ್ಥವಾಯಿತು. ನನ್ನ ಶಾಲೆಗೆ ಕರೆಯಲು ಹೋದವಳು ವ್ಯಾನಿನಲ್ಲಿ ಸುಖವಾಗಿ ಕೂರುವ ಉಪಾಯ ಹೇಳಿ ಬಂದಿದ್ದೆ.

ಅಡುಗೆಯಕ್ಕನಿಗೆ ಹೇಳಿದಾಗ ಅವಳು, "ನಿಮ್ಮನ್ನ ಕಳಿಸ್ಬಾರ್ದಾಗಿತ್ತು ಮೇಡಂ," ಎಂದಳು.

ಜೂನ್ ಮುಗಿಯುತ್ತಾ ಬಂತು. ಸಿ.ಆರ್.ಪಿ. ಮತ್ತೆ ಫೋನು ಮಾಡಿದರು. ಈ ಸಲ ಅವರು ಏನೂ ಕೇಳಲಿಲ್ಲ, ನಾನೇ "ಸೊನ್ನೆ ಸಾರ್" ಎಂದೆ. ಅಷ್ಟು ದಿನ ಆ ಪದಕ್ಕೆ ಹೆದರಿದ್ದೆ. ಹೇಳಿದಾಗ ತೀರಾ ಸಣ್ಣಗೆ ಕೇಳಿಸಿತು. ಮಕ್ಕಳು ಒಳಗೆ ಕೂಡುವ ಲೆಕ್ಕ ಮಾಡುತ್ತಿದ್ದವು. ಅವಕ್ಕೆ ರಸ್ತೆ ದಾಟುವುದನ್ನು ಇಂದಿನಿಂದಲೇ ಹೇಳಿಕೊಡಬೇಕು ಎಂದುಕೊಂಡೆ. ಬಲಗಡೆ ನೋಡಿ, ಎಡಗಡೆ ನೋಡಿ, ಮತ್ತೆ ಬಲಗಡೆ ನೋಡಿ. ಕಪ್ಪು ಹಲಗೆಯ ಮೇಲೆ ರಸ್ತೆ ಬರೆದೆ, ಲಾರಿ ಬರೆಯಲು ಮನಸ್ಸಾಗಲಿಲ್ಲ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಹೊಂಗೆಮರದ ಕೆಳಗೆ ಅಜ್ಜಿಯ ಬದಲು ಅಮ್ಮ ನಿಂತಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಹುಡುಗಿಯ ಕೊರಳಲ್ಲಿ ಟೈ ಇರಲಿಲ್ಲ.

"ಮುಂದಿನ ಸೀಟಲ್ಲೇ ಕೂರ್ಸಿದೆ ಮಿಸ್. ನಿಂಬೆಹಣ್ಣೂ ಕೊಟ್ಟೆ," ಎಂದಳು.

"ಮತ್ತೆ?"

"ಡ್ರೈವರ್ ಮೇಲೇ ಮಾಡ್ಕೊಂಡ್ಲು. ನಾಲ್ಕು ದಿನ ಆಯ್ತು ವ್ಯಾನ್ ಕಂಡ್ರೆ ಮಂಚದ ಕೆಳಗೆ ಹೋಗಿ ಕೂರ್ತಾಳೆ."

ಇಬ್ಬರನ್ನೂ ಒಳಗೆ ನನ್ನ ಮೇಜಿನ ಹತ್ತಿರ ಕರೆದುಕೊಂಡು ಬಂದೆ. ಅವಳು ಕವರಿನಿಂದ ಜನನ ಪ್ರಮಾಣಪತ್ರ, ಆಧಾರ್ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು. ಇಟ್ಟು, ಅದರ ಮೇಲೆ ಕೈ ಇಟ್ಟುಕೊಂಡೇ ನಿಂತಳು.

"ಒಂದು ವರ್ಷ ಮಿಸ್. ಒಂದೇ ವರ್ಷ. ನೋಡ್ತೀನಿ. ಇಂಗ್ಲಿಷ್ ಹೇಳ್ಕೊಡ್ಬೇಕು, ಬರೀ ಎ ಬಿ ಸಿ ಡಿ ಅಲ್ಲ, ಮಾತಾಡೋದು. ನಿಮಗೆ ಬರತ್ತಾ ಮಿಸ್?"

ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ಅಧಿಕಾರಿಯೂ ಇದನ್ನು ನನ್ನ ಮುಖ ನೋಡಿ ಕೇಳಿರಲಿಲ್ಲ.

"ಅಷ್ಟಕ್ಕಷ್ಟೇ ಕಣೇ," ಎಂದೆ. "ಕಲೀತೀನಿ."

ಅವಳು ನಕ್ಕಳು. ಮಗ್ಗಿ ಮುಗಿಸಿದ ಮೇಲೆ ನಗುತ್ತಿದ್ದಳಲ್ಲ, ಅದೇ ನಗು. "ಕಲಿತು ನಂಗೂ ಹೇಳ್ಕೊಡಿ ಹಂಗಾದ್ರೆ," ಎಂದು ಕಾಗದದ ಮೇಲಿನಿಂದ ಕೈ ತೆಗೆದಳು. ಅಷ್ಟರಲ್ಲಿ ಕಂಪನಿ ಬಸ್ಸಿನ ಹಾರನ್ನು ಕೇಳಿ ಓಡಿದಳು. ಮಗಳಿಗೆ ಟಾಟಾ ಮಾಡುವುದನ್ನೂ ಮರೆತು, ಅರ್ಧ ದಾರಿಯಿಂದ ಹಿಂದೆ ಬಂದು ಟಾಟಾ ಮಾಡಿ, ಮತ್ತೆ ಓಡಿದಳು.

ನಮ್ಮ ಮಕ್ಕಳು ಬರತೊಡಗಿದ ಹೊತ್ತಿಗೆ ಸಿ.ಆರ್.ಪಿ.ಗೆ ಫೋನು ಮಾಡಿದೆ. "ಸಾರ್, ಆ ಸೊನ್ನೆ... ಮೇಲಕ್ಕೆ ಕಳಿಸಿಬಿಟ್ರಾ?"

"ಇಲ್ಲ ಮೇಡಂ, ಪೆನ್ಸಿಲಲ್ಲಿ ಬರ್ಕೊಂಡಿದ್ದೆ. ಯಾಕೆ?"

"ಒಂದು ಅಂತ ಬರೀರಿ."

ಆ ಕಡೆಯಿಂದ ರಬ್ಬರು ಉಜ್ಜುವ ಸದ್ದು ಕೇಳಿಸಿತು. ಅಥವಾ ಕೇಳಿಸಿದಂತೆ ನನಗೆ ಅನ್ನಿಸಿತು. "ಈ ವರ್ಷಕ್ಕೆ ಬಚಾವು ಮೇಡಂ," ಎಂದರು. ಈ ವರ್ಷಕ್ಕೆ ಎಂದದ್ದನ್ನು ಹಿಡಿದು ಮುಂದಿನ ಜೂನಿನ ಬಗ್ಗೆ ಚಿಂತೆ ಶುರು ಮಾಡಬಹುದಿತ್ತು. ಆದರೆ ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಾಗಿತ್ತು.

ಮಕ್ಕಳು ತರಗತಿವಾರು ಸಾಲಾಗಿ ನಿಂತರು. ಒಂದನೇ ತರಗತಿಯ ಸಾಲಿನಲ್ಲಿ ಅವಳೊಬ್ಬಳೇ. ಮುಂದಿನವರ ಹೆಗಲಿಗೆ ಬೆರಳು ತಾಗುವಂತೆ ಕೈ ಚಾಚಿ ಅಂತರ ನೋಡಿಕೊಳ್ಳಬೇಕು, ಇದು ದಿನದ ಪದ್ಧತಿ. ಎಲ್ಲರೂ ಕೈ ಚಾಚಿದರು. ಅವರನ್ನು ನೋಡಿ ಅವಳೂ ಎರಡೂ ಕೈ ಮುಂದೆ ಚಾಚಿದಳು. ಅವಳ ಮುಂದೆ ಯಾರೂ ಇರಲಿಲ್ಲ. ಕೈ ಇಳಿಸಬೇಕೋ ಬೇಡವೋ ತಿಳಿಯದೆ, ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದಳು.

ನಾನು ಹೋಗಲೇ ಎಂದು ಯೋಚಿಸುತ್ತಿರುವಾಗಲೇ ಅಡುಗೆ ಕೋಣೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಯಕ್ಕ ಬಂದು ಅವಳ ಮುಂದೆ ಬೆನ್ನು ಕೊಟ್ಟು ನಿಂತಳು. ಪುಟ್ಟ ಬೆರಳುಗಳು ಅವಳ ಸೊಂಟಕ್ಕೆ ತಾಗಿದವು. ಅಂತರ ಸರಿಹೋಯಿತು. ಹುಡುಗಿ ಕೈ ಇಳಿಸಿ ನೆಟ್ಟಗೆ ನಿಂತಳು.

"ಬೇಗ ಶುರು ಮಾಡಿ ಮೇಡಂ," ಎಂದಳು ಅಡುಗೆಯಕ್ಕ ತಲೆ ತಿರುಗಿಸದೆ. "ಒಲೆ ಮೇಲೆ ಬೇಳೆ ಐತೆ."

ಶುರು ಮಾಡಿದೆವು. ಆ ಪ್ರಾರ್ಥನೆಯ ಉದ್ದಕ್ಕೂ ನನಗಿದ್ದದ್ದು ಬೇಳೆ ಉಕ್ಕುವ ಚಿಂತೆಯೊಂದೇ.